ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹಳೇ ಶಾಸನದ ಕಲ್ಲು ಅಡ್ಡ ಅಂತಿದ್ದಾರೆ. ಉಳಿಸಿ ಅಂತ ಹೇಗೆ ಒಪ್ಪಿಸುವುದು?

ಹುಣಸೆತೋಪು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರು ನಾಗಮಂಗಲದ ಕಡೆ. ನಾನು ಇರುವುದು ಬೆಂಗಳೂರಲ್ಲಿ. ಊರಿನ ಈಶ್ವರ ದೇವಸ್ಥಾನ ಸೋರುತ್ತಿದೆ, ಹಿಂದಿನ ಗೋಡೆ ಉಬ್ಬಿದೆ. ಊರವರು ಸಮಿತಿ ಮಾಡಿಕೊಂಡು ಚಂದಾ ಎತ್ತಿದ್ದಾರೆ. ಇಲ್ಲಿಯವರೆಗೆ ನನಗೂ ಖುಷಿಯೇ.

ತಕರಾರು ಶುರುವಾಗಿದ್ದು ಅಂಗಳದ ಕಲ್ಲುಗಳ ವಿಷಯಕ್ಕೆ. ಬಾಗಿಲ ಎಡಗಡೆ ಎದೆಮಟ್ಟದ ಒಂದು ಶಾಸನದ ಕಲ್ಲಿದೆ. ಮೇಲೆ ಸೂರ್ಯ, ಚಂದ್ರ, ಲಿಂಗ, ಹಸು, ಕರು. ಕೆಳಗೆ ಸಾಲು ಸಾಲು ಹಳೇ ಅಕ್ಷರ. ಪಕ್ಕದಲ್ಲಿ ಎರಡು ವೀರಗಲ್ಲು. ಒಂದು ಅರ್ಧ ಮಣ್ಣಲ್ಲಿ ಹೂತಿದೆ. ಇನ್ನೊಂದು ವಾಲಿಕೊಂಡಿದೆ, ಅದರ ಮೇಲೆ ಹುಡುಗರು ಕೂತು ಮೊಬೈಲ್ ನೋಡುತ್ತಾರೆ. ಈಗ ಅಂಗಳಕ್ಕೆಲ್ಲ ಗ್ರಾನೈಟ್ ಹಾಸುತ್ತಾರಂತೆ. ಈ ಕಲ್ಲುಗಳನ್ನು ಕಿತ್ತು ಮೆಟ್ಟಿಲಿಗೋ ಚರಂಡಿ ಮುಚ್ಚುವುದಕ್ಕೋ ಬಳಸಿಕೊಳ್ಳುತ್ತಾರಂತೆ. "ಗಟ್ಟಿ ಕಲ್ಲು, ಸುಮ್ನೆ ಯಾಕೆ ದಂಡ ಮಾಡೋದು" ಅನ್ನುವುದು ನಮ್ಮ ಮಾವನ ವಾದ. ಸಮಿತಿಯಲ್ಲಿ ಅವರದೇ ಮಾತು ನಡೆಯುವುದು.

ನಾನು ಇತಿಹಾಸ, ಪರಂಪರೆ ಅಂತೆಲ್ಲ ಹೇಳಿದೆ. "ಇತಿಹಾಸ ಅನ್ನ ಹಾಕುತ್ತೇನಪ್ಪ?" ಅಂದರು. ಸುತ್ತ ಕೂತಿದ್ದವರೆಲ್ಲ ನಕ್ಕರು. ಜೊತೆಗೆ ಇನ್ನೊಂದು ಭಯ ಇದೆ. ಪುರಾತತ್ವ ಇಲಾಖೆಗೆ ತಿಳಿಸಿದರೆ ದೇವಸ್ಥಾನವನ್ನೇ ಸರ್ಕಾರ ತಗೊಳ್ಳುತ್ತೆ, ಸುತ್ತ ಯಾರೂ ಮನೆ ಕಟ್ಟುವ ಹಾಗಿಲ್ಲ ಅಂತ ಯಾರೋ ತಲೆಗೆ ತುಂಬಿದ್ದಾರೆ. ಇದು ಸಾಲದು ಅಂತ, ಕಲ್ಲಿನ ಕೆಳಗೆ ನಿಧಿ ಇದೆ ಅನ್ನುವ ಮಾತೂ ಇದೆ. ಹಿಂದೊಮ್ಮೆ ರಾತ್ರಿ ಯಾರೋ ಬುಡ ಅಗೆದು ಹೋಗಿದ್ದರು.

ಮಾವನಿಗೆ ಏನು ಹೇಳಲಿ? ನಿಜ ಹೇಳಬೇಕೆಂದರೆ, ಇವನ್ನೆಲ್ಲ ಯಾಕೆ ಉಳಿಸಬೇಕು ಅಂತ ನನಗೂ ಬಿಡಿಸಿ ಹೇಳಲು ಬರುವುದಿಲ್ಲ. ಉಳಿಸಬೇಕು ಅಂತ ಮಾತ್ರ ಅನ್ನಿಸುತ್ತದೆ.

ಕನ್ನಡದ_ಕಂದ:

ಇಂಥವರಿಂದಲೇ ನಮ್ಮ ನಾಡು ಹಾಳಾಗಿದ್ದು. ನಮ್ಮ ಪೂರ್ವಜರ ವೈಭವದ ಬಗ್ಗೆ ಹೆಮ್ಮೆ ಇಲ್ಲದವರಿಗೆ ಏನು ಹೇಳಿದರೂ ಅಷ್ಟೇ. ಪರಂಪರೆಯನ್ನು ಕಾಪಾಡುವುದು ಪ್ರತಿ ನಾಗರಿಕನ ಕರ್ತವ್ಯ ಅಂತ ಸಂವಿಧಾನದ 51ಎ ವಿಧಿಯಲ್ಲೇ ಇದೆ. ಮೊದಲು ಕೇಸ್ ಹಾಕಿ. ತಾನಾಗೇ ದಾರಿಗೆ ಬರುತ್ತಾರೆ.

ಸಿಮೆಂಟು_ಮರಳು:

ಕೇಸ್ ಹಾಕಿ ಅನ್ನುವುದು ಸುಲಭ. ಆಮೇಲೆ ಆ ಹುಡುಗ ಹಬ್ಬಕ್ಕೆ ಊರಿಗೆ ಹೋಗುವುದು ಹೇಗೆ?

ನಾನು ಹಳ್ಳಿಗಳಲ್ಲಿ ಕಟ್ಟಡದ ಕೆಲಸ ಮಾಡಿಸುವವನು. ದೇವಸ್ಥಾನದ ಕೆಲಸಗಳನ್ನೂ ಮಾಡಿದ್ದೇನೆ. ಊರವರ ಕಡೆಯಿಂದ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಟ್ಟಣದಿಂದ ಜನ ಬರುತ್ತಾರೆ, ಕಲ್ಲಿನ ಫೋಟೋ ತೆಗೆಯುತ್ತಾರೆ, ಅಯ್ಯೋ ಹಾಳಾಗುತ್ತಿದೆ ಅನ್ನುತ್ತಾರೆ, ಹೋಗುತ್ತಾರೆ. ಸೋರುವ ಚಾವಣಿಗೆ ಒಂದು ಮೂಟೆ ಸಿಮೆಂಟ್ ಕೊಟ್ಟವರನ್ನು ನಾನು ಕಂಡಿಲ್ಲ. ಮಳೆಗಾಲದಲ್ಲಿ ಗರ್ಭಗುಡಿಯಲ್ಲಿ ನೀರು ನಿಂತರೆ ಬಳಿಯುವವರು ಊರವರೇ.

ಇನ್ನೊಂದು. ಹಳೇ ಕಲ್ಲನ್ನು ಹೊಸ ಕಟ್ಟಡಕ್ಕೆ ಬಳಸುವುದು ಇವತ್ತಿನ ರೂಢಿ ಅಲ್ಲ. ಹಳೆಯ ಕೋಟೆ ಗೋಡೆ ನೋಡಿ, ದೇವಸ್ಥಾನದ ಕಂಬ, ತೊಲೆ ಎಲ್ಲ ಸಿಗುತ್ತವೆ. ರಾಜರು ಮಾಡಿದರೆ ಇತಿಹಾಸ, ಊರವರು ಮಾಡಿದರೆ ತಪ್ಪಾ? ಅಷ್ಟು ಬೆಲೆಬಾಳುವ ಕಲ್ಲಾದರೆ ಮ್ಯೂಸಿಯಂಗೆ ಒಯ್ಯಲಿ.

ಏರಿ_ಮೇಷ್ಟ್ರು:

ನಾನು ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವನು. ಈಗ ನಿವೃತ್ತ. ಶಾಸನ ಓದುವ ಹುಚ್ಚು ಇದೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಹೆಮ್ಮೆಯ ಮಾತನ್ನು ನಿಮ್ಮ ಮಾವನ ಮುಂದೆ ಎತ್ತಲೇಬೇಡಿ. ಹೆಮ್ಮೆಪಡುವುದಕ್ಕೆ ಕಲ್ಲೇನೂ ಬೇಕಾಗಿಲ್ಲ, ರಾಜ್ಯೋತ್ಸವದ ಭಾಷಣ ಸಾಕು. ಕಲ್ಲು ಬೇಕಾಗುವುದು ಸಾಕ್ಷಿಗೆ. ಈ ಜಾಗದಲ್ಲಿ ಹೀಗೊಂದು ನಡೆಯಿತು ಅಂತ ಅಂದಿನವರೇ ಹೇಳಿಟ್ಟ ಮಾತು ಅದು. ನಮಗೆ ಇಷ್ಟವಾದರೂ ಆಗದಿದ್ದರೂ ಅದು ಅಲ್ಲಿರುತ್ತದೆ. ಅದಿಲ್ಲದಿದ್ದರೆ ಜೋರಾಗಿ ಮಾತಾಡಿದವನು ಹೇಳಿದ್ದೇ ಇತಿಹಾಸ.

ನಿಮ್ಮ ಜಿಲ್ಲೆಯದೇ ಒಂದು ಉದಾಹರಣೆ ಹೇಳುತ್ತೇನೆ. ಆತಕೂರು ಗೊತ್ತಲ್ವಾ, ಮದ್ದೂರಿನ ಕಡೆ? ಅಲ್ಲಿ ಸಿಕ್ಕಿದ ಕಲ್ಲು ಕ್ರಿ.ಶ. 949ರ ಹೊತ್ತಿನದು. ಆಗ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧ ಆಯಿತು. ಕೃಷ್ಣನ ಪರ ನಿಂತಿದ್ದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಇದು ಪಠ್ಯಪುಸ್ತಕದಲ್ಲಿ ಬರುವ ಭಾಗ. ಮಜಾ ಇರುವುದು ಮುಂದೆ. ಆ ಯುದ್ಧದಲ್ಲಿ ಮಣಲೇರ ಅನ್ನುವವನು ಚೆನ್ನಾಗಿ ಹೋರಾಡಿದ. ಒಡೆಯ ಮೆಚ್ಚಿ ಏನು ಬೇಕೋ ಕೇಳು ಅಂದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ಬೇಟೆನಾಯಿಯನ್ನು ಕೊಡಿ ಅಂದ! ಆಮೇಲೆ ಆ ನಾಯಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಎರಡೂ ಕಾದಾಡಿ ಸತ್ತವು. ಊರ ದೇವಸ್ಥಾನದ ಎದುರು ನಾಯಿಗಾಗಿ ಕಲ್ಲು ನಿಲ್ಲಿಸಿದರು. ಅದರ ಪೂಜೆಗೆ ಅಂತ ಹೊಲ ಬಿಟ್ಟರು. ಪೂಜೆ ಮಾಡದೆ ಆ ಹೊಲದ ಬೆಳೆ ಉಂಡ ಪೂಜಾರಿಗೆ ನಾಯಿ ಮಾಡಿದ ಪಾಪವೆಲ್ಲ ಸುತ್ತಿಕೊಳ್ಳಲಿ ಅಂತಲೂ ಬರೆಸಿದರು. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಕಲ್ಲಿನ ಮೇಲೇ ಇದೆ.

ಯುದ್ಧದ ಸುದ್ದಿಗೆ ಬೇರೆ ಕಡೆಯೂ ಆಧಾರ ಹುಡುಕಬಹುದು. ಮಣಲೇರನ ನಾಯಿಯ ಸುದ್ದಿ ಇರುವುದು ಈ ಕಲ್ಲಿನಲ್ಲಿ. ಇದನ್ನು ಯಾರಾದರೂ ಚರಂಡಿಯ ಮೇಲೆ ಮಗುಚಿ ಹಾಕಿದ್ದರೆ ಕಾಳಿ ಅನ್ನುವ ನಾಯಿ ಇತ್ತು ಅಂತ ನಮಗೆ ಯಾರು ಹೇಳುತ್ತಿದ್ದರು?

ಇನ್ನು ಹಲ್ಮಿಡಿ. ಬೇಲೂರು ತಾಲ್ಲೂಕಿನ ಸಣ್ಣ ಹಳ್ಳಿ. ಎರಡೂವರೆ ಅಡಿಯ ಕಲ್ಲು, ವೀರಭದ್ರನ ಗುಡಿ ಎದುರು ನಿಂತಿತ್ತು, ನಿಮ್ಮೂರಿನದು ನಿಂತಿರುವ ಹಾಗೇ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಗುರುತಿಸಿದರು. ಸುಮಾರು ಕ್ರಿ.ಶ. 450ರದು ಅಂತ ತಿಳಿಯಿತು. ಕನ್ನಡಕ್ಕೆ ಒಂದೂವರೆ ಸಾವಿರ ವರ್ಷದ ಬರಹದ ಚರಿತ್ರೆ ಇದೆ ಅಂತ ನಾವು ಎದೆ ತಟ್ಟಿಕೊಳ್ಳುವುದು ಆ ಕಲ್ಲನ್ನು ನಂಬಿಕೊಂಡು. ಅಷ್ಟು ವರ್ಷ ಅದನ್ನು ಉಳಿಸಿದ್ದು ಯಾವ ಇಲಾಖೆಯೂ ಅಲ್ಲ. ಹಲ್ಮಿಡಿಯ ಜನಕ್ಕೆ ಅದರಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ. ಆದರೂ ಒಡೆಯಲಿಲ್ಲ. ಆಮೇಲೆ 2013ರಲ್ಲಿ ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿಯ ಹತ್ತಿರ, ಸಿಂಹಕಟಾಂಜನದ (ಅಂದರೆ ಮೆಟ್ಟಿಲ ಪಕ್ಕದ ಸಿಂಹ ಕೆತ್ತಿದ ಕೈಪಿಡಿಗಲ್ಲಿನ) ಶಾಸನ ಸಿಕ್ಕಿತು. ಅದು ಹಲ್ಮಿಡಿಗಿಂತ ಹಳೆಯದು, ಸುಮಾರು ಕ್ರಿ.ಶ. 370ರದು ಅನ್ನುವ ವಾದ ಇದೆ. ಅಂದರೆ ಲೆಕ್ಕ ಇನ್ನೂ ಮುಗಿದಿಲ್ಲ. ನಿಮ್ಮೂರ ಅಂಗಳದಲ್ಲಿ ಏನಿದೆಯೋ ಯಾರು ಬಲ್ಲರು. (ನಿಮ್ಮದು ಅಷ್ಟು ಹಳೆಯದಾಗಿರಲಾರದು. ಸೂರ್ಯ, ಚಂದ್ರ, ಲಿಂಗ, ಹಸು, ಕರು ಅಂದರೆ ನೂರಾರು ವರ್ಷ ಈಚೆಯದು. ಹೊಯ್ಸಳರ ಕಾಲದ್ದೂ ಇರಬಹುದು. ಓದದೆ ಹೇಳಬಾರದು.)

ಸಿಮೆಂಟು_ಮರಳು ಅವರೇ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಹಿಂದಿನವರು ಕಲ್ಲು ಬಳಸಿಕೊಂಡಿದ್ದು ಹೌದು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಏನಾಯಿತು ಅಂತ ನೋಡಿ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿ ಇತ್ತು. 1986ರಲ್ಲಿ ಅದರ ಚಾವಣಿ ಕುಸಿಯಿತು. ವಿಗ್ರಹ ಒಡೆದುಹೋಯಿತು. ಅವಶೇಷ ತೆಗೆಯುವಾಗ ನೋಡಿದರೆ ಪೀಠದ ಕಲ್ಲಿನಲ್ಲಿ ಬ್ರಾಹ್ಮಿ ಅಕ್ಷರ! ಅಶೋಕನ ಶಾಸನ. ಎರಡು ಮುಖದಲ್ಲೂ ಬರಹ. ಯಾವುದೋ ಕಾಲದಲ್ಲಿ ಯಾರೋ ಗಟ್ಟಿ ಕಲ್ಲು ಅಂತ ಪೀಠಕ್ಕೆ ಹಾಕಿದ್ದಾರೆ, ಥೇಟ್ ನಿಮ್ಮ ಮಾವನ ಹಾಗೆ. ವಿಗ್ರಹ ಕೂರಿಸಲು ನಡುವೆ ತೂತು ಕೊರೆದಿದ್ದಾರೆ. ತೂತಿನ ಜಾಗದ ಅಕ್ಷರ ಹೋದದ್ದು ಹೋಯಿತು. ಆ ಕಲ್ಲಿನಲ್ಲಿರುವ ಒಂದು ಶಾಸನ ಹೇಳುವುದೇನು ಗೊತ್ತಾ? ನಿನ್ನ ಪಂಥ ದೊಡ್ಡದು ಅಂತ ಬೇರೆಯವರ ಪಂಥವನ್ನು ಹಳಿಯಬೇಡ, ಹಳಿದರೆ ಕೆಡುವುದು ನಿನ್ನದೇ. ಇಷ್ಟು ಕಾಲ ಅದು ದೇವಿಯ ಪಾದದ ಕೆಳಗೆ ಸುಮ್ನೆ ಮಲಗಿತ್ತು.

ಅಲ್ಲೇ ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ಸ್ತೂಪ ಸಿಕ್ಕಿತು. ರಾಜನೂ ರಾಣಿಯೂ ಪರಿವಾರದವರೂ ಇರುವ ಒಂದು ಶಿಲ್ಪ, ಪಕ್ಕದಲ್ಲಿ ಬ್ರಾಹ್ಮಿಯಲ್ಲಿ "ರಾಯ ಅಸೋಕೊ" ಅಂತ ಬರಹ. ಹಾಗೆ ನೋಡಿದರೆ ಅಶೋಕ ಅನ್ನುವ ಹೆಸರಿಗೆ ಗಟ್ಟಿ ಆಧಾರ ಸಿಕ್ಕಿದ್ದೂ ನಮ್ಮ ರಾಯಚೂರು ಜಿಲ್ಲೆಯಲ್ಲೇ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಲೇ ಇತ್ತು. 1915ರಲ್ಲಿ ಬೀಡನ್ ಅನ್ನುವ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯಲ್ಲಿ ಒಂದು ಬಂಡೆಬರಹ ಕಂಡರು. ಅದರಲ್ಲಿ ಅಶೋಕ ಅನ್ನುವ ಹೆಸರೇ ಇತ್ತು. ನಮ್ಮ ನೋಟಿನ ಮೇಲೆ, ಬಾವುಟದ ಮೇಲೆ ಯಾರ ಗುರುತು ಹಾಕಿಕೊಂಡಿದ್ದೇವೋ ಆ ರಾಜನ ಹೆಸರಿಗೆ ಕಲ್ಲಿನ ಸಾಕ್ಷಿ ಬಂದದ್ದು ಹೀಗೆ. ದೇಶದ ಚರಿತ್ರೆ ಅಂದರೆ ಎಲ್ಲೋ ದೆಹಲಿಯಲ್ಲಿ ಇದೆ ಅಂದುಕೊಳ್ಳುತ್ತೇವೆ. ಇರುವುದು ಇಂಥ ಊರುಗಳಲ್ಲಿ.

ಮ್ಯೂಸಿಯಂ ವಿಷಯ. ಆತಕೂರಿನ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಹಲ್ಮಿಡಿಯದು ಮೈಸೂರಿಗೆ ಹೋಗಿದೆ. ಭದ್ರವಾಗಿವೆ, ಒಳ್ಳೆಯದೇ. ಆದರೆ "ಈ ಕೆರೆಯ ಮೂಡಣ ಕೋಡಿ", "ಈ ಗುಡಿಯ ಮುಂದಿನ ಗದ್ದೆ" ಅಂತ ಬರೆದ ಕಲ್ಲು ಆ ಕೆರೆಯ ಹತ್ತಿರ ಇದ್ದರೇ ಚೆಂದ. ನಿಂತ ಜಾಗವೂ ಅದರ ಮಾತಿನ ಒಂದು ಪಾಲು. ಊರವರು ನೋಡಿಕೊಳ್ಳುವುದಾದರೆ ಊರಲ್ಲೇ ಇರಲಿ ಅನ್ನುವವನು ನಾನು. ನೋಡಿಕೊಳ್ಳದಿದ್ದರೆ ಮ್ಯೂಸಿಯಮ್ಮೇ ಮೇಲು.

ಅನ್ನದ ಪ್ರಶ್ನೆಗೆ ಬರೋಣ. ನಿಮ್ಮ ಮಾವನನ್ನು ಒಂದು ಕೇಳಿ. ಊರ ಕೆರೆ ಕಟ್ಟಿಸಿದ್ದು ಯಾರು? ಗೊತ್ತಿರಲಿಕ್ಕಿಲ್ಲ. ಹಳೇ ಮೈಸೂರು ಸೀಮೆಯ ಎಷ್ಟೋ ಶಾಸನಗಳಲ್ಲಿ ಇರುವುದು ಅದೇ. ಯಾರು ಕೆರೆ ಕಟ್ಟಿಸಿದರು, ತೂಬು ಇಡಿಸಿದರು, ಹೂಳು ತೆಗೆಯಲು ಬಂಡಿ ಇಡುವುದಕ್ಕೆ ಯಾವ ಗದ್ದೆ ಬಿಟ್ಟರು. ಅನ್ನದ ಮಾತೇ ಅಲ್ವಾ ಇದೆಲ್ಲ? ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ವಿಜಯನಗರದ ಭಾಸ್ಕರ ಅನ್ನುವ ರಾಜಕುಮಾರ 1369ರಲ್ಲಿ ಹಾಕಿಸಿದ ಶಾಸನ ಇದೆ. ಒಳ್ಳೆಯ ಕೆರೆಗೆ ಏನೇನು ಬೇಕು, ಏನೇನು ದೋಷ ಇರಬಾರದು ಅಂತ ಅದರಲ್ಲೇ ಬರೆದಿದ್ದಾರೆ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಅಂತ ಲೆಕ್ಕವೂ ಇದೆ.

ಈಗ ಭಯದ ಮಾತು. ಕೇಂದ್ರದ ಕಾನೂನಿನಲ್ಲಿ ಸುತ್ತ 100 ಮೀಟರ್ ಕಟ್ಟುವ ಹಾಗಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು ಅಂತ ಇರುವುದು ರಕ್ಷಿತ ಸ್ಮಾರಕ ಅಂತ ಘೋಷಣೆಯಾದ ಕಡೆಗೆ. ಅಂಗಳದಲ್ಲಿ ಒಂದು ಶಾಸನ ಇದೆ ಅಂದ ಮಾತ್ರಕ್ಕೆ ಅದು ತಾನಾಗೇ ಬಂದು ಕೂರುವುದಿಲ್ಲ. ನಿಧಿಯೂ ಇಲ್ಲ. ಸೂರ್ಯ ಚಂದ್ರ ಕೆತ್ತಿದ್ದು ನಿಧಿಯ ಗುರುತು ಅಂತ ನಂಬಿ ಕಲ್ಲು ಕೀಳುವವರು ಎಲ್ಲ ಕಡೆ ಇದ್ದಾರೆ. ಸೂರ್ಯಚಂದ್ರರು ಇರುವವರೆಗೆ ಈ ದಾನ ನಡೆಯಲಿ ಅಂತ ಆ ಚಿತ್ರ, ಅಷ್ಟೇ.

ಒಂದು ಉಪಾಯ ಇದೆ. ದಾನದ ಶಾಸನವಾದರೆ ಕೊನೆಯಲ್ಲಿ ಶಾಪ ಇರುವುದು ಜಾಸ್ತಿ. ಇದನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ, ಕಾಶಿಯಲ್ಲಿ ಸಾವಿರ ಕವಿಲೆ ಹಸು ಕೊಂದ ಪಾಪ ಬರುತ್ತದೆ, ಹೀಗೆ. ಸಮಿತಿಯ ಸಭೆಯಲ್ಲಿ ಗಟ್ಟಿಯಾಗಿ ಓದಿ. ಸಂವಿಧಾನದ 51ಎಗಿಂತ ಬೇಗ ಕೆಲಸ ಮಾಡುತ್ತದೆ.

ಮಲೆನಾಡ_ಮಗಳು:

ಮೇಷ್ಟ್ರೇ, ಒಂದು ಸಂಶಯ. ನಮ್ಮ ತವರಿನ ತೋಟದ ಬದಿಯಲ್ಲಿ ಮಾಸ್ತಿಕಲ್ಲು ಇದೆ. ಮೇಲೆತ್ತಿದ ಒಂದು ತೋಳು, ಬಳೆ, ಕೈಯಲ್ಲಿ ನಿಂಬೆಹಣ್ಣು. ವರ್ಷಕ್ಕೊಮ್ಮೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಚಿಕ್ಕವಳಿದ್ದಾಗ ನಾನೂ ಹಚ್ಚಿದ್ದೇನೆ. ಅದು ಏನು ಅಂತ ತಿಳಿದ ಮೇಲೆ ಕೈ ಬರುವುದಿಲ್ಲ. ಗಂಡ ಸತ್ತ ಅಂತ ಒಬ್ಬ ಹೆಂಗಸು ಬೆಂಕಿಗೆ ಹೋದದ್ದನ್ನು ಪರಂಪರೆ ಅಂತ ಕಾಪಾಡಬೇಕಾ?

ಏರಿ_ಮೇಷ್ಟ್ರು:

ಕಾಪಾಡಬೇಕು. ಪೂಜೆ ಮಾಡಬೇಕೋ ಬೇಡವೋ ನಿಮಗೆ ಬಿಟ್ಟದ್ದು, ನನ್ನನ್ನು ಕೇಳಿದರೆ ಬೇಡ. ಕಲ್ಲು ಮಾತ್ರ ಇರಲಿ. ಅದನ್ನು ಕಿತ್ತರೆ ಅನುಕೂಲ ಆಗುವುದು ಯಾರಿಗೆ? ನಮ್ಮಲ್ಲಿ ಅಂಥದ್ದೆಲ್ಲ ಇರಲೇ ಇಲ್ಲ ಅನ್ನುವವರಿಗೆ.

ಹೆಗ್ಗಡದೇವನಕೋಟೆ ಕಡೆಯ ಬೆಳತೂರಿನಲ್ಲಿ 1057ರ ಶಾಸನ ಇದೆ. ದೇಕಬ್ಬೆ ಅನ್ನುವವಳ ಕಥೆ. ಅವಳ ಗಂಡ ಏಚನನ್ನು ತಲಕಾಡಿನಲ್ಲಿ ಕೊಲ್ಲಿಸಿದರು. ಸುದ್ದಿ ಕೇಳಿ ಇವಳು ಬೆಂಕಿಗೆ ಬೀಳಲು ಹೊರಟಳು. ಆ ಶಾಸನ ಕವಿತೆ ಅಂತಲೇ ಹೆಸರಾದದ್ದು, ಅವಳನ್ನು ಹೊಗಳುತ್ತದೆ. ಆದರೆ ಹೊಗಳುತ್ತಲೇ ಇನ್ನೊಂದನ್ನೂ ಹೇಳಿಬಿಡುತ್ತದೆ. ಹೆತ್ತವರು, ನೆಂಟರು ಬೇಡ ಬೇಡ ಅಂತ ಬೇಡಿಕೊಂಡರು. ಆಗಿನ ಕಾಲದಲ್ಲಿ ಎಲ್ಲರೂ ಇದನ್ನು ಒಪ್ಪಿದ್ದರು ಅನ್ನುವವರಿಗೆ ಆ ಕಲ್ಲನ್ನು ತೋರಿಸಬಹುದು. ಮಗಳು ಸಾಯುವುದು ಅಪ್ಪ ಅಮ್ಮನಿಗೆ ಆಗಲೂ ಬೇಡವಾಗಿತ್ತು. ಇದನ್ನು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ಹೆಣ್ಣುಮಕ್ಕಳು ಕೇಳುತ್ತಿದ್ದದ್ದು ಒಂದೇ, ಮತ್ತೆ ಯಾಕೆ ತಡೆಯಲಿಲ್ಲ ಸಾರ್ ಅಂತ. ನನಗೆ ಉತ್ತರ ಗೊತ್ತಿಲ್ಲ.

ಹುಣಸೆತೋಪು:

ಎಲ್ಲರಿಗೂ ಥ್ಯಾಂಕ್ಸ್. ನಾಯಿಯ ಕಥೆ ಮಾವನಿಗೆ ಫೋನಿನಲ್ಲಿ ಹೇಳಿದೆ. ನಗಲಿಲ್ಲ. "ನಮ್ಮ ಕಲ್ಲಲ್ಲಿ ಏನು ಬರೆದಿದೆ?" ಅಂತ ಕೇಳಿದರು. ಮೇಷ್ಟ್ರೇ, ಅದನ್ನು ತಿಳಿಯುವುದು ಹೇಗೆ? ಅಕ್ಷರಕ್ಕೆ ಸುಣ್ಣ ತುಂಬಿ ಫೋಟೋ ತೆಗೆಯಲಾ? ಇದೇ ಶನಿವಾರ ಊರಿಗೆ ಹೋಗುತ್ತಿದ್ದೇನೆ.

ಏರಿ_ಮೇಷ್ಟ್ರು:

ಸುಣ್ಣ ಬೇಡ, ಮೈದಾ ಬೇಡ, ಆಸಿಡ್ ಅಂತೂ ಹತ್ತಿರಕ್ಕೂ ತರಬೇಡಿ. ಎಣ್ಣೆ ಜಿಡ್ಡಿದ್ದರೆ ಮೆತ್ತನೆ ಬ್ರಷ್ ಮತ್ತು ನೀರು, ಅಷ್ಟೇ. ಪಾಲಿಶ್ ಮಿಷನ್ ತಂದವರಿದ್ದರೆ ಕೈ ಹಿಡಿದು ನಿಲ್ಲಿಸಿ, ಒಂದು ಸುತ್ತಿಗೆ ಅಕ್ಷರ ನುಣ್ಣಗಾಗಿಬಿಡುತ್ತವೆ.

ಕತ್ತಲಾದ ಮೇಲೆ ಟಾರ್ಚ್ ಅನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಹಗಲಲ್ಲಿ ಕಾಣದ ಅಕ್ಷರಗಳು ನೆರಳಿನಿಂದ ಎದ್ದು ಕಾಣುತ್ತವೆ. ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಹಾಕಿ ಫೋಟೋ ತೆಗೆಯಿರಿ. ಹಿಂಭಾಗ, ಪಕ್ಕ ಕೂಡ ಬಿಡಬೇಡಿ, ಬರಹ ಅಲ್ಲಿಗೂ ಹರಿದಿರಬಹುದು.

ಅದಕ್ಕೂ ಮೊದಲು ಒಂದು ಕೆಲಸ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಿಮ್ಮೂರ ಹೆಸರು ಹುಡುಕಿ. ಬೆಂಗಳೂರಲ್ಲೇ ಹುಟ್ಟಿದವರು ಅವರು. ಮೈಸೂರು ಸಂಸ್ಥಾನವನ್ನೆಲ್ಲ ಸುತ್ತಿ ಸಾವಿರಾರು ಶಾಸನ ಓದಿಸಿ ಅಚ್ಚು ಹಾಕಿಸಿದರು. ನಾಗಮಂಗಲ ತಾಲ್ಲೂಕು ಹಳೆಯ ಆವೃತ್ತಿಯ 4ನೇ ಸಂಪುಟದಲ್ಲಿದೆ, ಮೈಸೂರು ವಿಶ್ವವಿದ್ಯಾಲಯದ ಹೊಸ ಆವೃತ್ತಿಯಲ್ಲಿ 7ನೇ ಸಂಪುಟ. ಹಳೆಯದು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅಲ್ಲಿ ಸಿಕ್ಕಿದರೆ ಪಾಠ ಸಿದ್ಧವಾಗಿಯೇ ಇರುತ್ತದೆ, ಅದನ್ನೇ ಸಭೆಯಲ್ಲಿ ಓದಬಹುದು. ಸಿಗದಿದ್ದರೆ ಇನ್ನೂ ಒಳ್ಳೆಯದು, ಯಾರೂ ಓದದ ಕಲ್ಲು ನಿಮ್ಮದು! ಆಗ ಮೈಸೂರಿನ ಪುರಾತತ್ವ ಇಲಾಖೆಗೆ ಫೋಟೋ ಸಮೇತ ಕಾಗದ ಬರೆಯಿರಿ. ಒದ್ದೆ ಕಾಗದ ಹಚ್ಚಿ ಮಸಿಯಿಂದ ಪಡಿಯಚ್ಚು ತೆಗೆಯುವ ಕೆಲಸ ಗೊತ್ತಿದ್ದವರೇ ಮಾಡಲಿ.

ಒಮ್ಮೆ ಓದಿ ಹೇಳಿದರೆ ಊರವರೇ ಕಾವಲು ನಿಲ್ಲುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಕಿತ್ತಯ್ಯ ಅನ್ನುವವನ ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದು. ಅಂಥ ಗಿಜಿಗಿಜಿ ಊರಿನ ಜನವೇ ಅದನ್ನು ಉಳಿಸಿಕೊಂಡರು. ನಿಮ್ಮಲ್ಲಿ ಚರಂಡಿಯಿಂದ ತೆಗೆಯುವ ಕಷ್ಟವೂ ಇಲ್ಲ, ಚರಂಡಿಗೆ ಹಾಕದಿದ್ದರೆ ಸಾಕು.

ಸಿಮೆಂಟು_ಮರಳು:

ಸರಿ ಮೇಷ್ಟ್ರೇ, ಒಪ್ಪಿದೆ, ಪೂರ್ತಿ ಅಲ್ಲ. ಸಿಮೆಂಟ್ ಮೂಟೆಯ ಮಾತು ಹಾಗೇ ಇದೆ.

ಹುಣಸೆತೋಪು, ಗ್ರಾನೈಟ್ ಆರ್ಡರ್ ಕೊಡುವ ಮುಂಚೆ ಅಳತೆ ಬದಲಾಯಿಸಿ. ಮೂರೂ ಕಲ್ಲನ್ನು ಗೋಡೆಯ ಉದ್ದಕ್ಕೆ ಸಾಲಾಗಿ ಬಿಟ್ಟು, ಅಷ್ಟು ಜಾಗಕ್ಕೆ ಹಾಸುಗಲ್ಲು ಬೇಡ ಅನ್ನಿ. ಖರ್ಚೂ ಅಷ್ಟು ಉಳಿಯುತ್ತದೆ, ನಿಮ್ಮ ಮಾವನಿಗೆ ಮೊದಲು ಅದನ್ನೇ ಹೇಳಿ. ವಾಲಿರುವುದನ್ನು ಜೆಸಿಬಿಯಲ್ಲಿ ಎತ್ತಿಸಬೇಡಿ, ಅಂಚು ಮುರಿಯುತ್ತೆ. ಹಗ್ಗ, ಗೋಣಿಚೀಲ, ಆಳು ಸಾಕು. ಬುಡಕ್ಕೆ ನೇರ ಕಾಂಕ್ರೀಟ್ ಸುರಿಯಬಾರದು, ತೇವ ಹಿಡಿದುಕೊಂಡು ಉಪ್ಪು ಏರಿ ಕಲ್ಲಿನ ಮೈ ಪದರ ಪದರ ಕಿತ್ತು ಬರುತ್ತೆ. ಗುಂಡಿ ತೋಡಿ, ಜಲ್ಲಿ ಮರಳು ತುಂಬಿ ಗುದ್ದಿ ನಿಲ್ಲಿಸಿ. ಅಂಗಳದ ನೀರು ಆ ಕಡೆ ಹರಿಯದ ಹಾಗೆ ಇಳಿಜಾರು ಕೊಡಿಸಿ. ಮೇಲೆ ಒಂದು ತಗಡಿನ ಮಾಡು ಹಾಕಿಸಿದರೆ ಹುಡುಗರೂ ಅದರ ನೆರಳಲ್ಲೇ ಕೂರುತ್ತಾರೆ, ಆದ್ದರಿಂದ ಪಕ್ಕದಲ್ಲಿ ಒಂದು ಬೆಂಚನ್ನೂ ಲೆಕ್ಕಕ್ಕೆ ಸೇರಿಸಿ.